ಎರಿ ಮಣ್ಣಿನ ರಸ್ತೆಗೆ ಯಾವ ಹಾಟ್ ಹ್ಯಾಚ್?

ಹಾಟ್ ಹ್ಯಾಚ್ ಬಗ್ಗೆ ನಮ್ಮ ಹಾಸ್ಟೆಲ್‌ನಲ್ಲಿ ಮಾತು ಶುರುವಾದ್ರೆ ಐದು ನಿಮಿಷದೊಳಗೆ ಅದು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ಒಬ್ಬ ಫೋನ್ ತೆಗೆದು ರೀಲ್ ತೋರಿಸ್ತಾನೆ, ಇನ್ನೊಬ್ಬ ಸ್ಟೇಜ್ ಒನ್ ರೀಮ್ಯಾಪ್‌ಗೆ ಎಷ್ಟು ತಗೊಳ್ತಾರೆ ಅಂತ ಹೇಳ್ತಾನೆ, ಅಲ್ಲಿಗೆ ಚರ್ಚೆ ಮುಗೀತು. ನನ್ನ ತಕರಾರು ಆ ಪ್ರಶ್ನೆಯ ಮೇಲೇ ಇದೆ. ನಾನು ಚಿಕ್ಕೋಡಿ ಕಡೆಯವನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕಿನಲ್ಲಿ, ನಿಪ್ಪಾಣಿ ಮೇಲೆ ಹೋಗುವ ಪುಣೆ-ಬೆಂಗಳೂರು ಹೈವೇ ಒಂದನ್ನು ಬಿಟ್ಟರೆ, ನಿಂತ ಗಾಡಿಯನ್ನು ಒಂದೇ ಉಸಿರಿಗೆ ನೂರಕ್ಕೆ ಒಯ್ಯುವ ಪ್ರಸಂಗ ಯಾರಿಗೂ ಬರೋದಿಲ್ಲ. ಬರಬಾರದು ಕೂಡ. ನಮ್ಮ ಕಡೆ ಗಾಡಿ ಓಡಿಸೋದೆಲ್ಲ ನಲವತ್ತರಿಂದ ಎಂಬತ್ತರ ನಡುವೆ. ಖುಷಿ ಅಂತ ಇದ್ರೆ ಅದು ಅಲ್ಲೇ ಸಿಗಬೇಕು.

ಈ ಮಾತು ಈಗ ಬರೀ ಹಾಸ್ಟೆಲ್ ಹರಟೆಯಾಗಿ ಉಳಿದಿಲ್ಲ. ನಮ್ಮ ದೊಡ್ಡಪ್ಪನ ಮಗ ಈ ಸಲ ಕಬ್ಬಿನ ಬಿಲ್ಲು ಬಂದ ಮೇಲೆ ನಾಲ್ಕು ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೋಬೇಕು ಅಂತ ಕೂತಿದ್ದಾನೆ. ಅವನ ಕಣ್ಣು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮೇಲೆ. ತಗೊಂಡ ಕೂಡಲೇ ರೀಮ್ಯಾಪ್ ಮಾಡಿಸೋದು ಅಂತಲೂ ತೀರ್ಮಾನ ಆಗಿದೆ. ಕಾಕಾಗೆ ಬೊಲೆರೊ ಬೇಕು. ನಾನು ಫಿಯಟ್ ಪುಂಟೊ ಅಂದಾಗ ಇಬ್ಬರೂ ನಕ್ಕರು. "ಲೇ ತಮ್ಮಾ, ಅದು ಬಂದ್ ಆದ ಕಂಪನಿ ಗಾಡಿ, ಅದನ್ನ ಯಾಂವ ತಗೋತಾನ?" ಅಂದ ಅಣ್ಣ. ಅವನಿಗೆ ಆಗ ಸರಿಯಾಗಿ ಉತ್ತರ ಕೊಡೋಕೆ ಟೈಮ್ ಸಿಗಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದಲು ಹಾಟ್ ಹ್ಯಾಚ್ ಅಂದ್ರೆ ಏನು ಅನ್ನೋದು. ದಿನಾ ಬಳಸುವ, ಹಿಂದೆ ಮೇಲಕ್ಕೆತ್ತುವ ಬಾಗಿಲಿರುವ ಸಣ್ಣ ಫ್ಯಾಮಿಲಿ ಕಾರಿಗೆ ಸ್ವಲ್ಪ ಹೆಚ್ಚು ಶಕ್ತಿಯ ಎಂಜಿನ್, ಸ್ವಲ್ಪ ಬಿಗಿಯಾದ ಸಸ್ಪೆನ್ಷನ್ ಕೊಟ್ಟರೆ ಅದು ಹಾಟ್ ಹ್ಯಾಚ್. ಸಂತೆಗೂ ಹೋಗಬೇಕು, ತಿರುವಿನಲ್ಲಿ ನಗಿಸಲೂ ಬೇಕು. 1976ರಲ್ಲಿ ಬಂದ ಮೊದಲ ಗಾಲ್ಫ್ ಜಿಟಿಐಗೆ ಇದ್ದದ್ದು 1.6 ಲೀಟರ್ ಎಂಜಿನ್, 110 ಪಿಎಸ್. ತೂಕ ಸುಮಾರು 800 ಕೆಜಿ. 1984ರ ಪ್ಯೂಜೊ 205 ಜಿಟಿಐಗೆ ಶುರುವಿನಲ್ಲಿ 105 ಪಿಎಸ್. ಇವತ್ತಿಗೂ ಓಡಿಸುವ ಖುಷಿಯ ಮಾತು ಬಂದಾಗ ಹಿರಿಯರು ಈ ಎರಡರ ಹೆಸರನ್ನೇ ಎತ್ತುತ್ತಾರೆ. ಲೆಕ್ಕ ನೋಡಿ, ನಮ್ಮ ಟಾಟಾ ಟಿಯಾಗೊ ಜೆಟಿಪಿಗೆ 114 ಪಿಎಸ್ ಇತ್ತು, ಗಾಲ್ಫ್‌ಗಿಂತ ಜಾಸ್ತಿ! ಹಾಗಂತ ಟಿಯಾಗೊ ಜೆಟಿಪಿ ಗಾಲ್ಫ್‌ಗಿಂತ ದೊಡ್ಡ ಕಾರಾಯ್ತು ಅಂತ ಯಾರೂ ಹೇಳೋದಿಲ್ಲ. ಪಿಎಸ್ ಒಂದೇ ಸಾಕಾಗಿದ್ರೆ ಹೇಳಬೇಕಿತ್ತು.

ನಮ್ಮ ದೇಶದಲ್ಲಿ ಈ ಜಾತಿಯ ಕಾರುಗಳು ಬಂದಿದ್ದೇ ಕಡಿಮೆ. 1993ರ ಮಾರುತಿ ಝೆನ್ ಅನ್ನು ಕೆಲವರು ಸೇರಿಸ್ತಾರೆ: 993 ಸಿಸಿ, ಮುಕ್ಕಾಲು ಟನ್ ತೂಕ, ಕೈಗೆ ಆಟಿಕೆ ಸಿಕ್ಕ ಹಾಗೆ. ನಿಜವಾದ ಮೊದಲನೆಯದು ಅಂದ್ರೆ 2001ರ ಫಿಯಟ್ ಪಾಲಿಯೊ 1.6 ಜಿಟಿಎಕ್ಸ್, ನೂರು ಪಿಎಸ್. ಸಚಿನ್ ಹೆಸರಿನ ಎಸ್10 ಅದರದ್ದೇ ಇನ್ನೊಂದು ರೂಪ. 2005ರಲ್ಲಿ ಸ್ವಿಫ್ಟ್ ಬಂತು, 1.3 ಪೆಟ್ರೋಲ್, 87 ಪಿಎಸ್. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ. 2015ರಲ್ಲಿ ಅಬಾರ್ಥ್ ಪುಂಟೊ, 145 ಪಿಎಸ್. 2016ರಲ್ಲಿ ಮೂರು ಬಾಗಿಲಿನ ಪೋಲೊ ಜಿಟಿಐ, 192 ಪಿಎಸ್, ಬರೀ 99 ಕಾರು, ಬೆಲೆ 25 ಲಕ್ಷದ ಮೇಲೆ. ಅದನ್ನು ನಾವು ಪೋಸ್ಟರ್‌ನಲ್ಲಿ ನೋಡಿ ಬಿಟ್ಟುಬಿಡೋಣ. ಆಮೇಲೆ 2017ರ ಬಲೆನೊ ಆರ್‌ಎಸ್, 2018ರ ಟಿಯಾಗೊ ಜೆಟಿಪಿ, 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್.

ಇಷ್ಟು ಕಡಿಮೆ ಯಾಕೆ ಅಂತ ಕೇಳಿದ್ರೆ ಎಲ್ಲರೂ "ನಮ್ಮವರಿಗೆ ಮೈಲೇಜ್ ಬೇಕು" ಅಂತಾರೆ. ಅದು ಅರ್ಧ ಉತ್ತರ. ಉಳಿದ ಅರ್ಧ ತೆರಿಗೆಯಲ್ಲಿದೆ. 2006ರ ಬಜೆಟ್‌ನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು 24ರಿಂದ 16 ಪರ್ಸೆಂಟಿಗೆ ಇಳಿಸಿದರು. ಸಣ್ಣ ಕಾರು ಅಂದ್ರೆ ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ 1500 ಸಿಸಿ ಒಳಗೆ. ಅಲ್ಲಿಗೆ 1.6 ಲೀಟರ್ ಹಾಕಿದ ಸಣ್ಣ ಕಾರಿನ ಕಥೆ ಹೆಚ್ಚುಕಡಿಮೆ ಮುಗೀತು. ಪೋಲೊ ಜಿಟಿ ಟಿಎಸ್‌ಐ ಎಂಜಿನ್ 1197 ಸಿಸಿ, ಟಿಯಾಗೊ ಜೆಟಿಪಿ ಎಂಜಿನ್ 1199. ಗೆರೆಗೆ ತಲೆ ತಾಗಿಸಿ ನಿಂತಂಗ. ಆ ಗೆರೆಯನ್ನು ದಾಟಿ 1368 ಸಿಸಿ ಎಂಜಿನ್ ಹಾಕಿ, ಹೆಚ್ಚಿನ ಸುಂಕವನ್ನೂ ಹೊತ್ತು, 9.95 ಲಕ್ಷಕ್ಕೆ ಮಾರಿದ್ದು ಅಬಾರ್ಥ್ ಪುಂಟೊ. ಅದನ್ನು ಹುಚ್ಚುತನ ಅನ್ನಿ, ನನಗೆ ಮಾತ್ರ ಮರ್ಯಾದೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದಾಗಲೂ ಆ ಗೆರೆ ಅಲ್ಲೇ ಉಳಿಯಿತು: ಒಳಗಿದ್ದರೆ 18 ಪರ್ಸೆಂಟ್, ದಾಟಿದರೆ 40. ಅಂದ್ರೆ ಇನ್ನು ಮುಂದೆಯೂ ಕಡಿಮೆ ಬೆಲೆಗೆ ದೊಡ್ಡ ಎಂಜಿನ್ನಿನ ಸಣ್ಣ ಕಾರು ಬರುವ ಆಸೆ ಇಟ್ಕೋಬೇಡಿ. ನಮ್ಮಂಥವರಿಗೆ ಉಳಿದದ್ದು ಸೆಕೆಂಡ್ ಹ್ಯಾಂಡ್ ಬಜಾರು.

ಈಗ ರಸ್ತೆಗೆ ಬರ್ತೇನೆ. ಕಾರು ರಿವ್ಯೂ ಮಾಡೋರು ಯಾರೂ ಬರೆಯದ ಒಂದು ವಿಷಯ ನಮ್ಮ ಕಡೆ ಇದೆ. ಅದು ಎರಿ ಮಣ್ಣು. ಅಥಣಿಯಿಂದ ಕಾಗವಾಡದ ಮೇಲೆ ಮಿರಜ್ ಕಡೆ ಹೋಗುವಾಗ, ಅಥವಾ ಚಿಕ್ಕೋಡಿಯಿಂದ ಅಂಕಲಿ ದಾಟಿ ಕೃಷ್ಣೆಯ ಸೇತುವೆ ಕಡೆ ಇಳಿಯುವಾಗ, ಡಾಂಬರು ನೋಡೋಕೆ ಚಲೋನೇ ಇರ್ತದೆ. ತಗ್ಗು ಇಲ್ಲ, ಕಲ್ಲು ಎದ್ದಿಲ್ಲ. ಆದ್ರೂ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತದೆ. ಕಾರಣ, ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಸಿವಿಲ್ ಬ್ರಾಂಚ್‌ನವರು ಇದನ್ನ ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ಓದ್ತಾರೆ. ಎಲ್ಲ ಕಡೆ ಒಂದೇ ಸಮನಾಗಿ ಉಬ್ಬೋದಿಲ್ಲ, ಹಾಗಾಗಿ ಮೇಲಿನ ಡಾಂಬರು ಉದ್ದುದ್ದ ಅಲೆಯಾಗಿ ಏಳುತ್ತದೆ. ಅದರ ಮೇಲೆ ಲೋಡ್ ತುಂಬಿದ ಕಬ್ಬಿನ ಟ್ರ್ಯಾಕ್ಟರ್‌ಗಳು ಸೀಜನ್ ಪೂರ್ತಿ ಓಡಿ ಆ ಅಲೆಯನ್ನು ಇನ್ನೂ ಗಟ್ಟಿ ಮಾಡ್ತಾವೆ.

ಈಗ ಸಣ್ಣ ಲೆಕ್ಕ ಮಾಡಿ. ಗಂಟೆಗೆ 72 ಕಿ.ಮೀ. ಅಂದ್ರೆ ಸೆಕೆಂಡಿಗೆ 20 ಮೀಟರ್. ಅಲೆಯಿಂದ ಅಲೆಗೆ 15 ಮೀಟರ್ ಇದೆ ಅಂತ ಇಟ್ಕೊಳ್ಳಿ. ಹಾಗಾದ್ರೆ ಸೆಕೆಂಡಿಗೆ 1.33 ಸಲ ರಸ್ತೆ ನಿಮ್ಮ ಗಾಡಿಯನ್ನು ಮೇಲೆ ತಳ್ಳುತ್ತದೆ. ಸಾಮಾನ್ಯ ಕಾರಿನ ಬಾಡಿ ತನ್ನ ಸ್ಪ್ರಿಂಗ್‌ಗಳ ಮೇಲೆ ತಾನಾಗಿ ತೂಗುವ ನ್ಯಾಚುರಲ್ ಫ್ರೀಕ್ವೆನ್ಸಿ ಸುಮಾರು 1ರಿಂದ 1.5 ಹರ್ಟ್ಸ್. ಎರಡೂ ಸರಿಯಾಗಿ ಒಂದರ ಮೇಲೊಂದು ಕೂತವು! ಫಿಸಿಕ್ಸ್‌ನಲ್ಲಿ ಎಲ್ಲರೂ ಓದಿದ ರೆಸೊನೆನ್ಸ್ ಇದೇ. ಮೊದಲ ಅಲೆಗೆ ಸ್ವಲ್ಪ ಎದ್ದ ಗಾಡಿ ಎರಡನೇ ಅಲೆಗೆ ಇನ್ನೂ ಏಳುತ್ತದೆ, ಮೂರನೆಯದಕ್ಕೆ ಹಿಂದಿನ ಸೀಟಿನಲ್ಲಿದ್ದ ಅವ್ವ "ಸಾವಕಾಶ ಹೊಡಿಯೋ" ಅಂತ ಒದರುತ್ತಾಳೆ. ಇದನ್ನು ತಡೆಯೋದು ಎಂಜಿನ್ ಅಲ್ಲ, ಶಾಕ್ ಅಬ್ಸಾರ್ಬರ್. ಮಿಸ್ತ್ರಿಗಳ ಬಾಯಲ್ಲಿ ಶಾಕಪ್. ಒಂದು ಅಲೆ ದಾಟಿದ ಮೇಲೆ ಬಾಡಿ ಒಂದೇ ಸಲಕ್ಕೆ ಕೂತುಬಿಡ್ತದಾ, ಇಲ್ಲಾ ಎರಡು ಮೂರು ಸಲ ಕುಣೀತದಾ? ನಮ್ಮ ಕಡೆ ಯಾವ ಕಾರು ಒಳ್ಳೆಯದು ಅಂತ ಹೇಳೋಕೆ ನಾನು ನೋಡುವ ಮೊದಲ ಪರೀಕ್ಷೆ ಇದು.

ಈ ಪರೀಕ್ಷೆಯಲ್ಲಿ ಹಳೇ ಸ್ವಿಫ್ಟ್ ಪಾಸ್ ಆಗೋದು ಕಷ್ಟ. ನಮ್ಮ ಮಾಮಾನ ಹತ್ರ ಮೊದಲ ಜನರೇಷನ್ ಪೆಟ್ರೋಲ್ ಸ್ವಿಫ್ಟ್ ಇದೆ, ನಾನು ಗಾಡಿ ಕಲಿತದ್ದೇ ಅದರಲ್ಲಿ. ನಿಪ್ಪಾಣಿ ಪೇಟೆಯ ಗಲ್ಲಿಗಳಲ್ಲಿ ಅದರಷ್ಟು ಚುರುಕು ಯಾವುದೂ ಇಲ್ಲ. ಎಂಜಿನ್ ಐದು ಸಾವಿರ ಆರ್‌ಪಿಎಂ ದಾಟಿದಾಗ ಹಾಡು ಹೇಳುತ್ತದೆ. ಆದ್ರೆ ವೀಲ್‌ಬೇಸ್ 2390 ಮಿ.ಮೀ., ಗಿಡ್ಡ. ಅಲೆ ರಸ್ತೆಯಲ್ಲಿ ಮೂಗು ಏಳುತ್ತದೆ, ಬಾಲ ಇಳೀತದೆ, ಮತ್ತೆ ಮೂಗು. ಎಲೆಕ್ಟ್ರಿಕ್ ಸ್ಟೀರಿಂಗ್ ಬೇರೆ, ಎಂಬತ್ತರಲ್ಲಿ ಕೈಗೆ ಏನೂ ಹೇಳೋದಿಲ್ಲ. ಸ್ವಿಫ್ಟ್ ಅಭಿಮಾನಿಗಳು ಬೈಯಬಹುದು, ಬೈಯಲಿ.

ಪೋಲೊ ಜಿಟಿ ಟಿಎಸ್‌ಐ ದೋಸ್ತನ ಮನೆಯದು, ನಿಪ್ಪಾಣಿಯಿಂದ ಚಿಕ್ಕೋಡಿವರೆಗೆ ಓಡಿಸಿದ್ದೇನೆ. ಒಳ್ಳೆಯ ಗಾಡಿ, ಸುಳ್ಳು ಹೇಳೋದಿಲ್ಲ. ಬಾಗಿಲು ಹಾಕಿದ ಸದ್ದೇ ಒಂದು ಸಮಾಧಾನ. ಬಾಡಿ ಬಿಗಿಯಾಗಿದೆ, ಅಲೆಯಲ್ಲಿ ಸ್ವಿಫ್ಟ್‌ಗಿಂತ ಎಷ್ಟೋ ವಾಸಿ. 175 ನ್ಯೂಟನ್ ಮೀಟರ್ ಟಾರ್ಕ್ ಕೆಳಗಿನಿಂದಲೇ ಸಿಗ್ತದೆ. ನನಗೆ ಬೇಸರ ತಂದದ್ದು ಗೇರ್‌ಬಾಕ್ಸ್. ಡಿಎಸ್‌ಜಿ ಗೇರ್ ಬದಲಿಸೋದು ಕಣ್ಣು ಮಿಟುಕಿಸುವಷ್ಟರಲ್ಲಿ, ಆದ್ರೆ ಆ ಕೆಲಸ ನನ್ನದಲ್ಲ, ಅದರದ್ದು. ಟ್ರ್ಯಾಕ್ಟರ್ ಹಿಂದೆ ಇಪ್ಪತ್ತರಲ್ಲಿ ತೆವಳಿ ತಕ್ಷಣ ಆಕ್ಸಿಲರೇಟರ್ ಒತ್ತಿದ್ರೆ ಒಂದು ಕ್ಷಣ ಯೋಚನೆ ಮಾಡ್ತದೆ. ಆ ಒಂದು ಕ್ಷಣ ನನಗೆ ಹಿಡಿಸೋದಿಲ್ಲ. ಹತ್ತು ವರ್ಷ ಹಳೆಯ ಡ್ರೈ ಕ್ಲಚ್ ಡಿಎಸ್‌ಜಿಯ ಮೆಕಾಟ್ರಾನಿಕ್ಸ್ ಕೆಟ್ಟರೆ ನಾಲ್ಕು ಲಕ್ಷದ ಗಾಡಿಗೆ ಅದು ದೊಡ್ಡ ಪೆಟ್ಟು. ಅದನ್ನ ಸರಿಮಾಡೋ ಮಿಸ್ತ್ರಿ ರಾಯಬಾಗದಲ್ಲಿ ಕೂತಿರೋದಿಲ್ಲ. 2020ರ ಮೇಲೆ ಬಂದ 1.0 ಟಿಎಸ್‌ಐ, ಆರು ಗೇರಿನ ಮ್ಯಾನುಯಲ್ ಪೋಲೊ ಸಿಕ್ಕರೆ ನಾನೂ ವಾದ ಬಿಟ್ಟು ಸುಮ್ಮನಾಗ್ತೇನೆ. ಆದ್ರೆ 2022ರಲ್ಲಿ ಪೋಲೊ ನಿಂತ ಮೇಲೆ ಅದರ ರೇಟು ಇಳೀವಲ್ದು, ಅಣ್ಣನ ಬಜೆಟ್ಟಿಗೆ ಎಟುಕೋದಿಲ್ಲ.

ಟಿಯಾಗೊ ಜೆಟಿಪಿ ಬಗ್ಗೆ ಎರಡೇ ಮಾತು. ಟಾಟಾದವರು ಕೊಯಮತ್ತೂರಿನ ಜಯೇಮ್ ಆಟೊಮೋಟಿವ್ಸ್ ಜೊತೆ ಸೇರಿ ಮಾಡಿದ್ದು, 6.39 ಲಕ್ಷಕ್ಕೆ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ತಮಾಷೆ ಇನ್ಯಾರೂ ಕೊಟ್ಟಿಲ್ಲ. ಆದ್ರೆ ಮಾರಿದ್ದೇ ಕಡಿಮೆ, ಕೆಎ-23 ನಂಬರಿನಲ್ಲಿ ನಾನಿನ್ನೂ ಒಂದೂ ನೋಡಿಲ್ಲ.

ಇನ್ನು ಪುಂಟೊ. ಅಬಾರ್ಥ್ ಅನ್ನು ನಾನು ಓಡಿಸಿಲ್ಲ. ಸಾಂಗ್ಲಿಯಲ್ಲಿ ಪರಿಚಯದವರೊಬ್ಬರ ಗಾಡಿಯಲ್ಲಿ ಎಡಗಡೆ ಸೀಟಿನಲ್ಲಿ ಕೂತು ಮಿರಜ್ ದಾಟಿ ಕಾಗವಾಡದ ತನಕ ಬಂದಿದ್ದೇನೆ. ಟರ್ಬೊ ತುಂಬಿದಾಗ ಬೆನ್ನು ಸೀಟಿಗೆ ಅಂಟ್ತದೆ, ಅದು ಇರಲಿ. ನನಗೆ ನೆನಪಿರೋದು ಆಮೇಲಿನದು. ಕಾಗವಾಡದ ಕಡೆ ಅಲೆ ರಸ್ತೆ ಬಂದಾಗ ಗಾಡಿ ಒಂದು ಸಲ ಎದ್ದು ಒಂದೇ ಸಲ ಕೂತಿತು. ಅಷ್ಟೇ. ಕಪ್ಪಿನಲ್ಲಿ ಚಹಾ ಇದ್ದಿದ್ರೂ ಚೆಲ್ಲುತ್ತಿರಲಿಲ್ಲ. ಅದರ ಒಂದೇ ಕೊರತೆ, ನೆಲದಿಂದ 155 ಮಿ.ಮೀ. ಎತ್ತರ. ಊರು ಊರಿಗೆ ಪಂಚಾಯ್ತಿಯವರು ಗುಡ್ಡದಂಥ ಹಂಪ್ಸ್ ಹಾಕಿರುವ ನಮ್ಮ ಕಡೆ ಹೊಟ್ಟೆ ತಾಗೋದು ಗ್ಯಾರಂಟಿ. ಮತ್ತೆ ಅಬಾರ್ಥ್ ಸಿಗೋದೂ ಇಲ್ಲ, ಇದ್ದವರು ಮಾರೋದೂ ಇಲ್ಲ.

ಹಾಗಾಗಿ ನಾನು ಅಣ್ಣನಿಗೆ ಹೇಳ್ತಿರೋದು ಸಾಮಾನ್ಯ ಪುಂಟೊ, ಅದರಲ್ಲೂ 90 ಎಚ್‌ಪಿ ಅಂತ ಮಾರಿದ ಡೀಸೆಲ್: 93 ಪಿಎಸ್, 209 ನ್ಯೂಟನ್ ಮೀಟರ್. ಇದನ್ನು ಯಾರೂ ಹಾಟ್ ಹ್ಯಾಚ್ ಅಂತ ಕರೆಯೋದಿಲ್ಲ, ಗೊತ್ತು. ನಾನು ಕರೀತೇನೆ. ವೀಲ್‌ಬೇಸ್ 2510 ಮಿ.ಮೀ., ಸ್ವಿಫ್ಟ್‌ಗಿಂತ 120 ಮಿ.ಮೀ. ಉದ್ದ. ಸಸ್ಪೆನ್ಷನ್ ಅಬಾರ್ಥ್‌ಗಿಂತ ಎತ್ತರ, ಆದ್ರೆ ಗುಣ ಅದೇ ಮನೆತನದ್ದು. ಸ್ಟೀರಿಂಗ್ ಹೈಡ್ರಾಲಿಕ್. ಎಲೆಕ್ಟ್ರಿಕ್ ಸ್ಟೀರಿಂಗ್‌ನಲ್ಲಿ ಮೋಟಾರು ನಿಮ್ಮ ಪರವಾಗಿ ತಿರುಗಿಸುತ್ತದೆ, ರಸ್ತೆಯ ಸುದ್ದಿ ಅಲ್ಲೇ ಅರ್ಧ ಸೋಸಿ ಹೋಗ್ತದೆ. ಹೈಡ್ರಾಲಿಕ್‌ನಲ್ಲಿ ಎಣ್ಣೆಯ ಒತ್ತಡ ಸಹಾಯ ಮಾಡ್ತದೆ, ಟೈರ್ ಹಿಡಿತ ಸಡಿಲ ಆಗೋದು ಬೆರಳಿಗೆ ಗೊತ್ತಾಗ್ತದೆ. ಕಬ್ಬಿನ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ರಸ್ತೆ ಮೇಲೆ ಹಸಿ ಮಣ್ಣು ಬಿಟ್ಟು ಹೋಗಿರ್ತದಲ್ಲ, ಆಗ ಈ ಸುದ್ದಿ ಬೇಕು. ಎರಿ ಮಣ್ಣು ಒದ್ದೆಯಾದ್ರೆ ಸಾಬೂನು. ಗಾಡಿ ಮಾತಾಡಿದ್ರೆ ನೀವು ಮೊದಲೇ ಕಾಲು ತೆಗೀತೀರಿ. ಓಡಿಸುವ ಖುಷಿ ಅಂತ ನಾನು ಹೇಳೋದು ಇದಕ್ಕೇ.

"ಓವರ್‌ಟೇಕ್‌ಗೆ ಪವರ್ ಬೇಕಲ್ಲಪಾ" ಅನ್ನೋದು ಅಣ್ಣನ ದೊಡ್ಡ ವಾದ. ಸರಿ, ಅದಕ್ಕೂ ಲೆಕ್ಕ ಹಾಕೋಣ. ಡಬಲ್ ಟ್ರೇಲರ್ ಟ್ರ್ಯಾಕ್ಟರ್ 20ರ ವೇಗದಲ್ಲಿದೆ, ನೀವು ಅದರ ಹಿಂದೆ. ಹಿಂದೆ ಮುಂದೆ ಜಾಗ ಸೇರಿ ಅದಕ್ಕಿಂತ 45 ಮೀಟರ್ ಮುಂದೆ ಹೋಗಬೇಕು. ಎದುರಿನಿಂದ 60ರಲ್ಲಿ ಒಂದು ಗಾಡಿ ಬರ್ತಿದೆ. ನಿಮ್ಮ ಕಾರು ಸೆಕೆಂಡಿಗೆ 2 ಮೀಟರ್ ಲೆಕ್ಕದಲ್ಲಿ ವೇಗ ಏರಿಸಿಕೊಂಡ್ರೆ 6.7 ಸೆಕೆಂಡು ಬೇಕು, ಖಾಲಿ ರಸ್ತೆ ಸುಮಾರು 194 ಮೀಟರ್ ಬೇಕು. ರೀಮ್ಯಾಪ್ ಮಾಡಿಸಿ ಅದನ್ನು 3 ಮೀಟರ್‌ಗೆ ಏರಿಸಿದ್ರಿ ಅಂತ ಇಟ್ಕೊಳ್ಳಿ (ಬರೀ ರೀಮ್ಯಾಪ್‌ಗೆ ಅಷ್ಟು ಆಗೋದೂ ಇಲ್ಲ), ಆಗ 5.5 ಸೆಕೆಂಡು, 167 ಮೀಟರ್. ಉಳಿದದ್ದು 27 ಮೀಟರ್. ರಾತ್ರಿ ಲೋ ಬೀಮ್‌ನಲ್ಲಿ ರಸ್ತೆ ಸರಿಯಾಗಿ ಕಾಣೋದೇ ಐವತ್ತು ಅರವತ್ತು ಮೀಟರ್. ಎದುರಿನಿಂದ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ವಾಪಸ್ ಬರೋ ಖಾಲಿ ಟ್ರ್ಯಾಕ್ಟರ್ ಒಂದೇ ಲೈಟಿನಲ್ಲೋ ಲೈಟೇ ಇಲ್ಲದೆಯೋ ಬರ್ತಿರ್ತದೆ. ಅದು ಕಾಣದೇ ಇದ್ದಾಗ 167 ಆದರೇನು, 194 ಆದರೇನು? ಕುಡಚಿ-ಉಗಾರ ನಡುವೆ ಸೀಜನ್‌ನಲ್ಲಿ ರಾತ್ರಿ ಒಂದು ಸಲ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೀಮ್ಯಾಪ್ ಮೇಲೆ ನನಗಿರುವ ಸಿಟ್ಟು ಇಲ್ಲಿಂದ ಬಂದದ್ದು. ನಮ್ಮ ಕಡೆ ಹುಡುಗರು ಹತ್ತು ವರ್ಷ ಹಳೆಯ ಗಾಡಿ ತಗೊಂಡು ಮೊದಲ ದುಡ್ಡು ಇಸಿಯುಗೆ, ಎರಡನೇ ದುಡ್ಡು ಸೈಲೆನ್ಸರ್‌ಗೆ, ಮೂರನೇದು ಗಾಜಿಗೆ ಕಪ್ಪು ಫಿಲ್ಮ್‌ಗೆ ಹಾಕ್ತಾರೆ. ಶಾಕಪ್ ಎಣ್ಣೆ ಸೋರ್ತಿರ್ತದೆ, ಬುಷ್ ಸವೆದಿರ್ತದೆ, ಟೈರು ಆರು ವರ್ಷದ್ದಿರ್ತದೆ. ತಾನು ನಿಲ್ಲಿಸಲಾಗದ ಗಾಡಿಯನ್ನು ಇನ್ನೂ ಜೋರಾಗಿ ಓಡಿಸೋಕೆ ದುಡ್ಡು ಕೊಟ್ಟಂಗಾಯ್ತು. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮ್ ಟೈಮಿಗೆ ತಲೆನೋವಾಗೋದು ಬೇರೆ. ಅದೇ ದುಡ್ಡಿಗೆ ನಾಲ್ಕು ಹೊಸ ಟೈರು, ನಾಲ್ಕು ಶಾಕಪ್, ಬುಷ್ ಸೆಟ್ಟು ಹಾಕಿಸಿ ನೋಡಿ. ಗಾಡಿ ಹೊಸದಾಗಿ ಹುಟ್ಟಿ ಬರ್ತದೆ, ಯಾವ ರೀಲ್‌ನಲ್ಲೂ ಅದು ಕಾಣೋದಿಲ್ಲ ಅನ್ನೋದೊಂದೇ ತೊಂದರೆ.

ತವಂದಿ ಘಾಟ್ ಬಗ್ಗೆಯೂ ಒಂದು ಮಾತು, ಯಾಕಂದ್ರೆ ಹಾಟ್ ಹ್ಯಾಚ್ ಅಂದ ಕೂಡಲೇ ನಿಪ್ಪಾಣಿ ಹುಡುಗರು ಅದರ ಹೆಸರು ತೆಗೀತಾರೆ. ಅದು ಹೈವೇ ಮಾರಾಯ್ರೆ, ಇಳಿಜಾರಿನಲ್ಲಿ ಲೋಡ್ ಲಾರಿಗಳು ಬ್ರೇಕ್ ಕಾಯಿಸಿಕೊಂಡು ಇಳೀತಿರ್ತಾವೆ. ಅಲ್ಲಿ ಟೈಮ್ ಹಿಡಿದು ಓಡಿಸೋದು ಶೂರತನ ಅಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಚಿಕ್ಕೋಡಿ ಗುಡ್ಡದ ತಿರುವುಗಳನ್ನು ಮೂರನೇ ಗೇರಿನಲ್ಲಿ, ಐವತ್ತರಲ್ಲಿ, ಬ್ರೇಕ್ ಮುಟ್ಟದೆ ದಾಟಿ ನೋಡಿ. ಒಳ್ಳೆಯ ಗಾಡಿ ಯಾವುದು ಅಂತ ಅಷ್ಟರಲ್ಲೇ ತಿಳೀತದೆ.

ಬಂದ್ ಆದ ಕಂಪನಿ ಅನ್ನೋ ಮಾತಿಗೆ ಬರ್ತೇನೆ. ಫಿಯಟ್ ಇಲ್ಲಿ ಕಾರು ಮಾರೋದು ನಿಲ್ಲಿಸಿದ್ದು ನಿಜ. ಆದ್ರೆ ಪುಂಟೊದ 1.3 ಮಲ್ಟಿಜೆಟ್ ಎಂಜಿನ್ ಕುಟುಂಬವೇ ಸ್ವಿಫ್ಟ್ ಡೀಸೆಲ್‌ನಲ್ಲೂ ಇತ್ತು, ಡಿಜೈರ್‌ನಲ್ಲೂ, ಇಂಡಿಕಾ ವಿಸ್ಟಾದಲ್ಲೂ. ನಮ್ಮ ಐದೂ ತಾಲ್ಲೂಕಿನಲ್ಲಿ ಆ ಎಂಜಿನ್ ಬಿಚ್ಚಿ ಕಟ್ಟದ ಮಿಸ್ತ್ರಿ ಇಲ್ಲ. ಕಷ್ಟ ಇರೋದು ಬಾಡಿ ಪಾರ್ಟ್‌ಗೆ: ಹೆಡ್‌ಲೈಟ್, ಬಂಪರ್, ಕನ್ನಡಿ. ಅದನ್ನ ಕೊಲ್ಹಾಪುರದಲ್ಲೋ ಪುಣೆಯಲ್ಲೋ ಹುಡುಕಬೇಕು, ಕಾಯಬೇಕು. ಪುಣೆ ಹತ್ತಿರದ ರಂಜಣಗಾಂವ್‌ನಲ್ಲೇ ತಯಾರಾದ ಗಾಡಿ ಇದು, ಆ ಕಡೆ ಹಳೇ ಪುಂಟೊಗಳು ಇನ್ನೂ ಸಿಕ್ಕಾಪಟ್ಟೆ ಇವೆ.

ಅಣ್ಣನಿಗೆ ಹಾಕಿಕೊಟ್ಟ ಷರತ್ತು ಇಷ್ಟು. 2014ರ ಮೇಲಿನ ಪುಂಟೊ ಇವೊ ನೋಡಬೇಕು, ಹದಿನೈದು ವರ್ಷದ ರಿಜಿಸ್ಟ್ರೇಷನ್ ಇನ್ನೂ ಕೈಯಲ್ಲಿರಬೇಕು. ಎಂಎಚ್ ನಂಬರ್ ಆದ್ರೆ ಎನ್‌ಒಸಿ ಮತ್ತು ಕರ್ನಾಟಕದ ಟ್ಯಾಕ್ಸ್ ಸೇರಿಸಿಯೇ ರೇಟು ಮಾತಾಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಚಾಲು ಮಾಡಿ ಟೈಮಿಂಗ್ ಚೈನ್ ಕಟಕಟ ಅನ್ನುತ್ತದಾ ಕೇಳಬೇಕು. ಆಮೇಲೆ ಮಾಲೀಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಿ ಮಣ್ಣಿನ ರಸ್ತೆಯಲ್ಲಿ ಎಪ್ಪತ್ತರಲ್ಲಿ ಓಡಿಸಬೇಕು. ಒಂದು ಸಲ ಎದ್ದು ಒಂದೇ ಸಲ ಕೂತ್ರೆ ಅಡ್ವಾನ್ಸ್ ಕೊಡು ಅಂದಿದ್ದೇನೆ. ಬೊಲೆರೊ ವಿಷಯ ಕಾಕಾನೇ ನೋಡಿಕೊಳ್ಳಲಿ.